ಪಾದದ ಅಳತೆ ಮೊದಲು, ರಿಯಾಯಿತಿ ಆಮೇಲೆ

ಕುಮಾರಪರ್ವತ ಹತ್ತುವಾಗ ಬೂಟಿನ ಅರ್ಧ ದೋಷವಷ್ಟೇ ಗೊತ್ತಾಗುತ್ತದೆ. ಹಿಮ್ಮಡಿಯ ಬಳಿ ಸಡಿಲವಿದ್ದರೆ ಗಿರಿಗದ್ದೆಯ ಭಟ್ಟರ ಮನೆ ತಲುಪುವಷ್ಟರಲ್ಲಿ ಅಲ್ಲೊಂದು ಬೊಬ್ಬೆ ಎದ್ದಿರುತ್ತದೆ. ಉಳಿದ ಅರ್ಧ ತಿಳಿಯುವುದು ಇಳಿಯುವಾಗ. 1,712 ಮೀಟರ್ ಎತ್ತರದ ತುದಿಯಿಂದ ಶೇಷಪರ್ವತ, ಕಲ್ಲುಮಂಟಪ ದಾಟಿ ಕುಕ್ಕೆಯವರೆಗೆ ಒಂದೂವರೆ ಸಾವಿರ ಮೀಟರಿಗೂ ಹೆಚ್ಚು ಇಳಿಯಬೇಕು. ಪ್ರತಿ ಹೆಜ್ಜೆಗೂ ಪಾದ ಮುಂದಕ್ಕೆ ಜಾರಿ ಬೆರಳುಗಳು ಬೂಟಿನ ಮೂತಿಗೆ ಬಡಿಯುತ್ತವೆ. ಅಲ್ಲಿ ಒಂದು ಸೆಂಟಿಮೀಟರಿನಷ್ಟಾದರೂ ಜಾಗ ಇಲ್ಲದಿದ್ದರೆ ಹೆಬ್ಬೆರಳಿನ ಉಗುರು ಕಪ್ಪಾಗುತ್ತದೆ, ಕೆಲವು ವಾರಗಳಲ್ಲಿ ಕಿತ್ತುಬರುತ್ತದೆ. ಅರ್ಧ ಬೆಲೆಗೆ ಸಿಕ್ಕಿತು ಎಂಬ ಸಂತೋಷ ಆ ಇಳಿಜಾರಿನಲ್ಲಿ ಉಳಿಯುವುದಿಲ್ಲ.

ಕುಮಾರಪರ್ವತಕ್ಕೂ ಕುದುರೆಮುಖಕ್ಕೂ ಈಗ ಆನ್‌ಲೈನ್‌ನಲ್ಲಿ ಮುಂಚಿತವಾಗಿ ಟಿಕೆಟ್ ಕಾಯ್ದಿರಿಸಬೇಕು. ಟಿಕೆಟ್ ಸಿಕ್ಕ ಸಂಜೆಯೇ ಅದೇ ಫೋನಿನಲ್ಲಿ ಬೂಟಿನ ಹುಡುಕಾಟ ಶುರುವಾಗುತ್ತದೆ. ಅದರಲ್ಲಿ ತಪ್ಪೇನೂ ಇಲ್ಲ. ಬೆಂಗಳೂರಿನಲ್ಲಿ ದೊಡ್ಡ ಕ್ರೀಡಾ ಮಳಿಗೆಗಳಿವೆ, ಹಾಕಿ ನೋಡಿ ಕೊಳ್ಳಬಹುದು. ಸಣ್ಣ ಊರುಗಳಲ್ಲಿ ಚಾರಣದ ಬೂಟು ಬೇಕು ಎಂದರೆ ಅಂಗಡಿಯವರು ತೋರಿಸುವುದು ಒಂದೋ ಎರಡೋ ಬಗೆ. ಅದರಲ್ಲೂ ಹೆಂಗಸರ ಅಳತೆ ಸಿಗುವುದು ಕಷ್ಟ. ಅಲ್ಲಿನವರಿಗೆ ಆನ್‌ಲೈನ್ ಮಾರುಕಟ್ಟೆ ದೊಡ್ಡ ಅನುಕೂಲವೇ. ಆದರೆ ಅಂಗಡಿಯಲ್ಲಿ ಒಬ್ಬ ಮನುಷ್ಯ ನಮ್ಮೆದುರು ಕುಕ್ಕರಗಾಲಲ್ಲಿ ಕೂತು, ಬೂಟು ತೊಡಿಸಿ, ಮೂತಿಯ ಬಳಿ ಹೆಬ್ಬೆರಳಿಂದ ಒತ್ತಿ, ‘ಒಂದು ನಂಬರ್ ದೊಡ್ಡದು ತರ್ತೀನಿ ಸಾರ್’ ಎನ್ನುತ್ತಿದ್ದ. ಆ ಕೆಲಸವನ್ನು ಯಾವ ಆ್ಯಪ್ ಕೂಡ ಮಾಡುವುದಿಲ್ಲ. ನಾವೇ ಕಲಿಯಬೇಕು. ಕಷ್ಟದ ವಿದ್ಯೆಯೇನಲ್ಲ.

ಅಳೆಯಲು ಸಂಜೆಯ ಹೊತ್ತು ಒಳ್ಳೆಯದು. ದಿನವಿಡೀ ಓಡಾಡಿ ಪಾದ ತುಸು ಊದಿಕೊಂಡಿರುತ್ತದೆ. ಬೆಟ್ಟದಲ್ಲೂ ಹಾಗೆಯೇ ಊದುತ್ತದೆ. ಚಾರಣಕ್ಕೆ ಹಾಕುವ ಕಾಲುಚೀಲವನ್ನೇ ಹಾಕಿಕೊಳ್ಳಿ. ನೆಲಕ್ಕೆ ಬಿಳಿ ಹಾಳೆ ಹಾಸಿ, ಹಿಮ್ಮಡಿಯನ್ನು ಗೋಡೆಗೆ ತಾಗಿಸಿ, ಎರಡೂ ಕಾಲಿನ ಮೇಲೆ ಸಮನಾಗಿ ಭಾರ ಹಾಕಿ ನಿಲ್ಲಿ. ಕೂತು ಅಳೆದರೆ ಲೆಕ್ಕ ತಪ್ಪುತ್ತದೆ, ಏಕೆಂದರೆ ಮೈಭಾರ ಬಿದ್ದಾಗ ಪಾದದ ಕಮಾನು ತಗ್ಗಿ ಪಾದ ಉದ್ದವೂ ಅಗಲವೂ ಆಗುತ್ತದೆ. ನೀವೇ ಬಗ್ಗಿ ಗುರುತು ಹಾಕಿದರೂ ಭಾರ ಆಚೀಚೆ ಸರಿಯುತ್ತದೆ. ಪೆನ್ಸಿಲನ್ನು ಮನೆಯವರ ಕೈಗೆ ಕೊಡಿ. ಪೆನ್ಸಿಲ್ ನೆಟ್ಟಗೆ ನಿಂತಿರಲಿ, ಪಾದದಡಿಗೆ ವಾಲದಿರಲಿ. ಅತಿ ಉದ್ದದ ಬೆರಳಿನ ತುದಿಗೆ ಗುರುತು ಹಾಕಬೇಕು. ಅದು ಹೆಬ್ಬೆರಳೇ ಆಗಿರಬೇಕಿಲ್ಲ, ಅನೇಕರಿಗೆ ಎರಡನೆಯ ಬೆರಳೇ ಉದ್ದ. ಬಲ ಎಡ ಪಾದಗಳು ಸಾಮಾನ್ಯವಾಗಿ ಒಂದೇ ಅಳತೆ ಇರುವುದಿಲ್ಲ; ದೊಡ್ಡದರ ಅಳತೆಗೇ ಬೂಟು ಕೊಳ್ಳಬೇಕು.

ಉದ್ದ ಸಿಕ್ಕಿತು ಎಂದು ಸ್ಕೇಲು ಎತ್ತಿಡಬೇಡಿ. ಜಗತ್ತಿನ ಬಹಳಷ್ಟು ಪಾದರಕ್ಷೆ ಅಂಗಡಿಗಳಲ್ಲಿರುವ ಲೋಹದ ಅಳತೆಪಟ್ಟಿಯನ್ನು ಅಮೆರಿಕದ ಸಿರಾಕ್ಯೂಸ್ ಊರಿನ ಚಾರ್ಲ್ಸ್ ಬ್ರಾನಕ್ 1920ರ ದಶಕದಲ್ಲಿ ರೂಪಿಸಿದ. ಅದು ಮೂರು ಅಳತೆ ತೆಗೆಯುತ್ತದೆ: ಹಿಮ್ಮಡಿಯಿಂದ ಬೆರಳ ತುದಿಗೆ, ಪಾದದ ಅಗಲ, ಮತ್ತು ಹಿಮ್ಮಡಿಯಿಂದ ಹೆಬ್ಬೆರಳ ಬುಡದ ಗೆಣ್ಣಿಗೆ. ಈ ಮೂರನೆಯದನ್ನು ಮನೆಯಲ್ಲಿ ಅಳೆಯುವವರು ಕಡಿಮೆ, ಆದರೆ ನಡಿಗೆಗೆ ಇದೇ ಮುಖ್ಯ. ಪಾದ ಮಡಚಿಕೊಳ್ಳುವುದು ಆ ಗೆಣ್ಣಿನಲ್ಲಿ. ಬೂಟೂ ಅಲ್ಲೇ ಮಡಚಬೇಕು. ಬೆರಳುಗಳು ಗಿಡ್ಡ, ಹಿಂದಿನ ಪಾದ ಉದ್ದ ಇರುವವರು ಬರೀ ಒಟ್ಟು ಉದ್ದ ನೋಡಿ ಕೊಂಡರೆ ಪಾದ ಒಂದು ಕಡೆ, ಬೂಟು ಇನ್ನೊಂದು ಕಡೆ ಮಡಚುತ್ತದೆ. ದಿನಕ್ಕೆ ಇಪ್ಪತ್ತು ಕಿಲೋಮೀಟರ್ ನಡೆದಾಗ ಆ ಮಡಿಕೆ ಬೆರಳುಗಳ ಮೇಲೆ ಗೆರೆ ಎಳೆದಂತೆ ಚರ್ಮ ಸುಲಿಯುತ್ತದೆ.

ಈಗ ನಂಬರಿನ ವಿಷಯ. ನಮ್ಮಲ್ಲಿ ಮಾರುವ 7, 8, 9 ಬ್ರಿಟಿಷ್ ಪದ್ಧತಿಯವು. ಅಲ್ಲಿ ಹಿಂದೆ ಮೂರು ಬಾರ್ಲಿ ಕಾಳಿನ ಉದ್ದವನ್ನು ಒಂದು ಇಂಚು ಎಂದು ಎಣಿಸುತ್ತಿದ್ದರು. ಬೂಟಿನ ಒಂದು ನಂಬರಿಗೂ ಇನ್ನೊಂದಕ್ಕೂ ಇಂದಿಗೂ ಒಂದು ಕಾಳಿನಷ್ಟು, ಅಂದರೆ 8.47 ಮಿಲಿಮೀಟರ್ ಅಂತರ. ಯುರೋಪಿನ 41, 42, 43ರಲ್ಲಿ ಆ ಅಂತರ 6.67 ಮಿಲಿಮೀಟರ್. ಎರಡು ಏಣಿಗಳ ಮೆಟ್ಟಿಲುಗಳೇ ಬೇರೆ ಎತ್ತರದವು, ಹೀಗಾಗಿ ಅವು ಒಂದಕ್ಕೊಂದು ಸರಿಯಾಗಿ ಕೂಡುವುದೇ ಇಲ್ಲ. ಬ್ರಿಟಿಷ್ 8ನ್ನು ಒಂದು ಕಂಪನಿ ಯುರೋಪಿನ 42 ಎನ್ನುತ್ತದೆ, ಇನ್ನೊಂದು 42.5 ಎನ್ನುತ್ತದೆ. ಅಮೆರಿಕದ ಗಂಡಸರ ನಂಬರು ಬ್ರಿಟಿಷ್ ನಂಬರಿಗಿಂತ ಅರ್ಧದಿಂದ ಒಂದರಷ್ಟು ಹೆಚ್ಚು. ವಿದೇಶದಲ್ಲಿರುವ ಮಗನಿಗೋ ಮಗಳಿಗೋ ‘ನನ್ನದು 8’ ಎಂದಷ್ಟೇ ಹೇಳಿ ತರಿಸಿಕೊಂಡ ಬೂಟು ಬಿಗಿಯಾಗುವುದು ಇದೇ ಕಾರಣಕ್ಕೆ. ನಂಬರನ್ನು ಬಿಟ್ಟು ಸೆಂಟಿಮೀಟರ್ ಹಿಡಿಯಿರಿ. ಬಹುತೇಕ ಕಂಪನಿಗಳು ಪುಟದ ಕೆಳಗೆಲ್ಲೋ ಅಳತೆಯ ಕೋಷ್ಟಕ ಕೊಟ್ಟಿರುತ್ತವೆ. ಅದರಲ್ಲಿರುವುದು ಪಾದದ ಉದ್ದವೋ, ಬೂಟಿನ ಒಳಗಿನ ಉದ್ದವೋ ಎಂಬುದನ್ನು ಮೊದಲು ಖಚಿತಮಾಡಿಕೊಳ್ಳಿ. ಪಾದದ ಉದ್ದವಾದರೆ ನಿಮ್ಮ ಅಳತೆಯನ್ನು ನೇರವಾಗಿ ಹೊಂದಿಸಿ, ಎರಡು ನಂಬರುಗಳ ನಡುವೆ ಬಂದರೆ ದೊಡ್ಡದನ್ನು ಆರಿಸಿ. ಒಳಗಿನ ಉದ್ದವಾದರೆ ಪಾದಕ್ಕಿಂತ 10ರಿಂದ 12 ಮಿಲಿಮೀಟರ್ ಹೆಚ್ಚಿರಬೇಕು.

ಅಗಲದ್ದು ಇನ್ನೂ ದೊಡ್ಡ ಸಮಸ್ಯೆ, ಮತ್ತು ಅದು ನಮ್ಮವರಿಗೆ ವಿಶೇಷವಾಗಿ ಕಾಡುವಂಥದ್ದು. ಚೆನ್ನೈನ ಕೇಂದ್ರ ಚರ್ಮ ಸಂಶೋಧನಾ ಸಂಸ್ಥೆ 2021ರ ಡಿಸೆಂಬರ್‌ನಿಂದ 2022ರ ಮಾರ್ಚ್‌ವರೆಗೆ ದೇಶದ 79 ಕಡೆಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರ ಪಾದಗಳನ್ನು ಸ್ಕ್ಯಾನ್ ಮಾಡಿತು. ಭಾರತೀಯರ ಪಾದ ಯುರೋಪ್, ಅಮೆರಿಕದವರ ಪಾದಕ್ಕಿಂತ ಸಾಮಾನ್ಯವಾಗಿ ಅಗಲ ಎಂಬುದು ಅದರಿಂದ ಹೊರಬಿದ್ದ ಮುಖ್ಯ ಅಂಶ. ‘ಭಾ’ ಎಂಬ ನಮ್ಮದೇ ಅಳತೆ ಪದ್ಧತಿಯ ಪ್ರಸ್ತಾವ ಹುಟ್ಟಿದ್ದು ಆ ಸಮೀಕ್ಷೆಯಿಂದ. ಬೆಲ್ಜಿಯಂನ ಸಂಶೋಧಕರು ಭಾರತದಲ್ಲಿ ಬರಿಗಾಲಲ್ಲೇ ನಡೆಯುವ ರೂಢಿಯಿರುವವರನ್ನು ಅಳೆದು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಬರಿಗಾಲಿಗರ ಪಾದದ ಮುಂಭಾಗ ಅಗಲವಾಗಿರುವುದು ಕಂಡಿತ್ತು. ಗದ್ದೆ ತೋಟಗಳಲ್ಲಿ ಬರಿಗಾಲಲ್ಲೋ ಹವಾಯಿ ಚಪ್ಪಲಿಯಲ್ಲೋ ಬೆಳೆದವರಿಗೆ ಇದು ಹೊಸ ಸುದ್ದಿಯಲ್ಲ. ಬೂಟು ತಯಾರಾಗುವುದು ಪಾದದ ಆಕಾರದ ಅಚ್ಚಿನ ಮೇಲೆ. ಆ ಅಚ್ಚು ಕಿರಿದಾದ ಪಾದದ್ದಾಗಿದ್ದರೆ ಬೂಟು ಎಷ್ಟೇ ದುಬಾರಿಯದಾದರೂ ನಿಮ್ಮ ಕಾಲಿಗೆ ಅದು ಕೆಟ್ಟ ಬೂಟೇ.

ಅಗಲ ಪಾದದವರು ಮಾಡುವ ಸಾಮಾನ್ಯ ಉಪಾಯ, ಒಂದು ನಂಬರ್ ಉದ್ದದ್ದನ್ನು ಕೊಳ್ಳುವುದು. ಕಿರುಬೆರಳಿಗೆ ಆರಾಮ ಸಿಗುತ್ತದೆ, ಆದರೆ ಬೂಟು ಮಡಚುವ ಜಾಗ ಮುಂದೆ ಹೋಗುತ್ತದೆ, ಹಿಮ್ಮಡಿ ಸಡಿಲವಾಗುತ್ತದೆ, ಇಳಿಜಾರಿನಲ್ಲಿ ಪಾದ ಇನ್ನಷ್ಟು ಜಾರುತ್ತದೆ. ಅದರ ಬದಲು ಅಗಲದ ಮಾದರಿಯನ್ನೇ ಹುಡುಕಬೇಕು. ಕೆಲವು ಕಂಪನಿಗಳು ಗಂಡಸರ ಸಾಧಾರಣ ಅಗಲವನ್ನು ‘ಡಿ’ ಎಂದೂ, ಅಗಲದ್ದನ್ನು ‘2ಇ’, ಇನ್ನೂ ಅಗಲದ್ದನ್ನು ‘4ಇ’ ಎಂದೂ ಗುರುತಿಸುತ್ತವೆ. ಕೀನ್, ಆಲ್ಟ್ರಾ ಬೂಟುಗಳ ಮೂತಿ ಅಗಲ. ಲಾ ಸ್ಪೋರ್ಟಿವಾದ ಅಚ್ಚು ಕಿರಿದು ಎಂಬುದು ಚಾರಣಿಗರ ಸಾಮಾನ್ಯ ಅನುಭವ. ಹೆಂಗಸರ ಬೂಟಿನ ಹಿಮ್ಮಡಿಯನ್ನು ಕಿರಿದಾಗಿ ಮಾಡಿರುತ್ತಾರೆ. ಅಗಲ ಪಾದದ ಹೆಣ್ಣುಮಕ್ಕಳು ಗಂಡಸರ ಬೂಟು ತೆಗೆದುಕೊಂಡರೆ ಮುಂದೆ ಸರಿಹೋಗಿ ಹಿಂದೆ ಜಾರುವುದುಂಟು. ಲೇಸ್‌ನ ಕೊನೆಯ ಎರಡು ತೂತುಗಳಲ್ಲಿ ಅದೇ ಬದಿಗೆ ಕುಣಿಕೆ ಮಾಡಿ, ಎದುರು ಬದಿಯ ಲೇಸನ್ನು ಅದರೊಳಗೆ ಹಾಯಿಸಿ ಬಿಗಿದರೆ ಹಿಮ್ಮಡಿ ಹಿಡಿತಕ್ಕೆ ಬರುತ್ತದೆ. ಅಲ್ಪಸ್ವಲ್ಪ ಸಡಿಲಕ್ಕೆ ಇಷ್ಟು ಸಾಕು, ಹೆಚ್ಚಿನ ಸಡಿಲಕ್ಕೆ ಸಾಲದು.

ಅಳತೆ ಕೈಗೆ ಬಂದ ಮೇಲೆ, ನಡೆಯುವ ದಾರಿ ಯಾವುದು ಎಂದು ಕೇಳಿಕೊಳ್ಳಬೇಕು. ಆನ್‌ಲೈನ್ ಪುಟಗಳಲ್ಲಿ ಹಿಮದ ಶಿಖರ ಹಿನ್ನೆಲೆಗಿಟ್ಟು ಮಾರುವ, ಕಾಲ್ಗಿಣ್ಣು ಮುಚ್ಚುವ, ನೀರು ನುಗ್ಗದ ಭಾರದ ಬೂಟನ್ನು ತಡಿಯಂಡಮೋಳ್‌ಗೆ, ಕೊಡಚಾದ್ರಿಗೆ ಹಾಕಿಕೊಂಡು ಬರುವವರು ಬಹಳ. ನನ್ನ ಮಟ್ಟಿಗೆ ಅದು ಹಣ ಕೊಟ್ಟು ಕಷ್ಟ ಕೊಂಡಂತೆ. ನೀರು ತಡೆಯುವ ಗೋರ್‌ಟೆಕ್ಸ್‌ನಂಥ ಪೊರೆ ಕೆಲಸ ಮಾಡುವುದು ಬೂಟಿನ ಒಳಗಿನ ತೇವ ಹೊರಗಿಗಿಂತ ಹೆಚ್ಚಿದ್ದಾಗ. ಆಗ ಬೆವರಿನ ಆವಿ ಹೊರಹೋಗುತ್ತದೆ. ಹಿಮಾಲಯದ ಒಣ ಚಳಿಯಲ್ಲಿ ಅದು ಸೊಗಸಾಗಿ ನಡೆಯುತ್ತದೆ. ಕೇದಾರಕಂಠದ ಹಿಮದಲ್ಲಿ ಅಂಥ ಬೂಟು ಬೇಕೇ ಬೇಕು. ಜುಲೈನ ಸಹ್ಯಾದ್ರಿಯಲ್ಲಿ ಹೊರಗಿನ ಗಾಳಿಯೇ ನೀರಿನಿಂದ ತುಂಬಿರುತ್ತದೆ, ಆವಿ ಹೋಗುವುದೆಲ್ಲಿಗೆ? ಹೊಳೆ ದಾಟುವಾಗ, ಎದೆಯೆತ್ತರದ ಒದ್ದೆ ಹುಲ್ಲಿನಲ್ಲಿ ನುಗ್ಗುವಾಗ ನೀರು ಬರುವುದು ಬೂಟಿನ ಬಾಯಿಯಿಂದ, ಪ್ಯಾಂಟಿನಿಂದ ಇಳಿದು. ಒಮ್ಮೆ ಒಳಹೋದ ನೀರನ್ನು ಆ ಪೊರೆ ಹೊರಗೆ ಬಿಡುವುದಿಲ್ಲ. ಮಾರನೆಯ ದಿನವೂ ಒಣಗುವುದಿಲ್ಲ.

ನಮ್ಮ ಘಟ್ಟಕ್ಕೆ ಪೊರೆಯಿಲ್ಲದ, ಜಾಲರಿ ಬಟ್ಟೆಯ, ಹಗುರವಾದ, ಬೇಗ ಒಣಗುವ ಬೂಟು ಸಾಕು. ಸಾಕು ಎನ್ನುವುದಕ್ಕಿಂತ ಅದೇ ಮೇಲು. ಕಾಲಿಗೆ ಕಟ್ಟಿದ ತೂಕ ಬೆನ್ನ ಮೇಲಿನ ಅಷ್ಟೇ ತೂಕಕ್ಕಿಂತ ಹಲವು ಪಟ್ಟು ದಣಿಸುತ್ತದೆ. ನಾಲಿಗೆಯ ಎರಡೂ ಅಂಚುಗಳನ್ನು ಬೂಟಿನ ಮೈಗೆ ಹೊಲಿದಿದ್ದಾರೆಯೇ ಎಂದು ಚಿತ್ರವನ್ನು ದೊಡ್ಡದು ಮಾಡಿ ನೋಡಿ. ಹೊಲಿದಿದ್ದರೆ ಮರಳು, ಕಡ್ಡಿ ಒಳಸೇರುವುದಿಲ್ಲ, ಇಂಬಳಗಳಿಗೂ ಒಂದು ದಾರಿ ಮುಚ್ಚುತ್ತದೆ. ಎತ್ತರದ ಬೂಟು ಹಾಕಿದರೆ ಇಂಬಳ ಹತ್ತುವುದಿಲ್ಲ ಎಂಬ ನಂಬಿಕೆ ಬೇಡ. ಮಂಡಿಯವರೆಗೆ ಬರುವ ಒತ್ತು ನೇಯ್ಗೆಯ ಇಂಬಳ ತಡೆಯುವ ಕಾಲುಚೀಲಕ್ಕೆ ಬೂಟಿನ ಬೆಲೆಯ ಸಣ್ಣದೊಂದು ಪಾಲು ಸಾಕು, ಕೆಲಸ ಮಾಡುವುದೂ ಅದೇ.

ಅಟ್ಟೆಯ ಮಾತು ಬೇರೆ. ಅಲ್ಲಿ ಮಾತ್ರ ಜಿಪುಣತನ ಬೇಡ. 1935ರಲ್ಲಿ ಆಲ್ಪ್ಸ್‌ನಲ್ಲಿ ಆರು ಮಂದಿ ಸಂಗಾತಿಗಳನ್ನು ಕಳೆದುಕೊಂಡ ಮಿಲಾನ್‌ನ ಪರ್ವತಾರೋಹಿ ವಿಟಾಲೆ ಬ್ರಮಾನಿ, ಆ ಸಾವುಗಳಿಗೆ ಸರಿಯಿಲ್ಲದ ಪಾದರಕ್ಷೆಯೂ ಕಾರಣ ಎಂದು ತಿಳಿದು, ಆಳವಾದ ಕಚ್ಚುಗಳಿರುವ ರಬ್ಬರ್ ಅಟ್ಟೆಯನ್ನು 1937ರಲ್ಲಿ ಹೊರತಂದ. ಅವನ ಹೆಸರಿನಿಂದಲೇ ಬಂದ ವೈಬ್ರಮ್ ಅಟ್ಟೆಯನ್ನು ತೊಟ್ಟು 1954ರಲ್ಲಿ ಇಟಲಿಯ ತಂಡ ಕೆ2 ಶಿಖರ ಮುಟ್ಟಿತು. ಇಂದು ಬೇರೆ ಬೇರೆ ಕಂಪನಿಗಳ ಬೂಟಿನಡಿಯಲ್ಲಿ ಅದರ ಹಳದಿ ಗುರುತು ಕಾಣುತ್ತದೆ. ಅದೇ ಆಗಬೇಕೆಂದಿಲ್ಲ, ಆದರೆ ಅಟ್ಟೆಯ ಫೋಟೊ ಇಲ್ಲದ, ಕಚ್ಚಿನ ಆಳ ಹೇಳದ ಬೂಟನ್ನು ಆನ್‌ಲೈನ್‌ನಲ್ಲಿ ಕೊಳ್ಳಬೇಡಿ. ಕೆಸರಿಗೆ ನಾಲ್ಕೈದು ಮಿಲಿಮೀಟರ್ ಆಳ, ನಡುವೆ ಅಗಲ ಅಂತರ ಇರುವ ಕಚ್ಚುಗಳು ಬೇಕು. ಸಾವನದುರ್ಗ, ಮಧುಗಿರಿಯ ಏಕಶಿಲೆಗಳ ಮೇಲೆ ಕಚ್ಚಿಗಿಂತ ಮೆತ್ತನೆಯ ರಬ್ಬರಿನ ಹಿಡಿತ ಮುಖ್ಯ. ಮೆತ್ತನೆಯದು ಬೇಗ ಸವೆಯುತ್ತದೆ, ಆದರೆ ಬೀಳುವುದಕ್ಕಿಂತ ಸವೆಯುವುದು ಮೇಲು. ಪಾಚಿಗಟ್ಟಿದ ಒದ್ದೆ ಬಂಡೆಯ ಮೇಲೆ ಮಾತ್ರ ಯಾವ ರಬ್ಬರನ್ನೂ ನಂಬಬಾರದು.

ಬೆಲೆಗೆ ಬರೋಣ. ಗೆರೆ ಎಳೆದು ಹೊಡೆದುಹಾಕಿದ ಎಂಆರ್‌ಪಿಗೂ ಬೂಟಿನ ಯೋಗ್ಯತೆಗೂ ಸಂಬಂಧವಿಲ್ಲ. ಅದನ್ನು ಕಣ್ಣಿಂದ ಮರೆಮಾಡಿ, ಕೊಡಬೇಕಾದ ಮೊತ್ತವನ್ನಷ್ಟೇ ಇದೇ ಬಗೆಯ ಬೇರೆ ಬೂಟುಗಳ ಜತೆ ಹೋಲಿಸಿ. ಒಂದೇ ಮಾದರಿ ಬಣ್ಣ ಬದಲಾದರೆ ಸಾವಿರ ರೂಪಾಯಿ ಅಗ್ಗವಾಗುವುದುಂಟು. ಕೆಸರಿನಲ್ಲಿ ಎಲ್ಲ ಬಣ್ಣವೂ ಒಂದೇ. ಹೋದ ವರ್ಷದ ಮಾದರಿಯೂ ಒಳ್ಳೆಯ ವ್ಯಾಪಾರ, ಅಚ್ಚು ಬದಲಾಗಿಲ್ಲದಿದ್ದರೆ. 2025ರ ಸೆಪ್ಟೆಂಬರ್ 22ರಿಂದ ಜೋಡಿಗೆ 2,500 ರೂಪಾಯಿವರೆಗಿನ ಪಾದರಕ್ಷೆಗೆ ಜಿಎಸ್‌ಟಿ ಶೇ 5, ಅದನ್ನು ಮೀರಿದ್ದಕ್ಕೆ ಶೇ 18. ವರ್ಷಕ್ಕೊಂದೆರಡು ಬಾರಿ ನಂದಿಬೆಟ್ಟದ ಸುತ್ತ, ಸ್ಕಂದಗಿರಿಗೆ ಹೋಗುವವರು ಆ ಗೆರೆಯ ಕೆಳಗೇ ಹುಡುಕಿದರೆ ತಕ್ಕ ಬೂಟು ಸಿಗುತ್ತದೆ. ತಿಂಗಳಿಗೊಮ್ಮೆ ಬೆಟ್ಟ ಹತ್ತುವವರು ಅದರ ಎರಡು ಪಟ್ಟು ಕೊಟ್ಟರೂ ನಷ್ಟವಿಲ್ಲ. ಒಮ್ಮೆ ಮಾತ್ರ ಹಿಮಾಲಯಕ್ಕೆ ಹೋಗುವವರು ಬೂಟು ಬಾಡಿಗೆಗೆ ಸಿಗುತ್ತದೆಯೇ ಎಂದು ಚಾರಣ ಏರ್ಪಡಿಸುವವರನ್ನು ಮೊದಲು ಕೇಳುವುದು ಒಳಿತು.

ಅತಿಯಾದ ರಿಯಾಯಿತಿಯ ಹಿಂದೆ ಒಂದು ಅಪಾಯ ಅಡಗಿರಬಹುದು, ಅದು ಬೂಟಿನ ವಯಸ್ಸು. ಅಟ್ಟೆಗೂ ಪಾದಕ್ಕೂ ನಡುವಿನ ಮೆತ್ತನೆಯ ಪದರವನ್ನು ಎರಡು ಬಗೆಯ ವಸ್ತುಗಳಿಂದ ಮಾಡುತ್ತಾರೆ. ಇವಿಎ ಹಗುರ, ಬಳಸುತ್ತಾ ಹೋದಂತೆ ಚಪ್ಪಟೆಯಾಗುತ್ತದೆ. ಪಾಲಿಯುರೆಥೇನ್ ಗಟ್ಟಿ, ಹೆಚ್ಚು ಬಾಳುತ್ತದೆ, ಆದರೆ ಗಾಳಿಯಲ್ಲಿನ ತೇವ ಅದರ ರಾಸಾಯನಿಕ ಕಟ್ಟನ್ನು ನಿಧಾನವಾಗಿ ಮುರಿಯುತ್ತದೆ. ಹಾಕದೆ ಡಬ್ಬಿಯಲ್ಲೇ ಇಟ್ಟ ಬೂಟಿಗೂ ಇದು ತಪ್ಪಿದ್ದಲ್ಲ; ಕೆಲವು ವರ್ಷಗಳ ಬಳಿಕ ಹೊಸದರಂತೆ ಕಾಣುವ ಬೂಟಿನ ಅಟ್ಟೆ ಮೊದಲ ನಡಿಗೆಯಲ್ಲೇ ಪುಡಿಪುಡಿಯಾಗಿ ಉದುರುತ್ತದೆ. ಕರಾವಳಿ, ಮಲೆನಾಡಿನ ತೇವದಲ್ಲಿ ಇದು ಇನ್ನೂ ಬೇಗ. ಕುದುರೆಮುಖದ ದಾರಿಯಲ್ಲಿ ಕಿತ್ತುಬಂದ ಅಟ್ಟೆಯನ್ನು ಹಗ್ಗದಿಂದ ಬಿಗಿದುಕೊಂಡು ಕುಂಟುತ್ತಾ ಇಳಿಯುವವರನ್ನು ಕಂಡಿದ್ದೇನೆ. ಪೊಟ್ಟಣದ ಸರಕುಗಳ ಮೇಲೆ ಎಂಆರ್‌ಪಿ, ಮೂಲ ದೇಶದ ಜತೆಗೆ ತಯಾರಾದ ತಿಂಗಳು, ವರ್ಷವನ್ನೂ ಮುದ್ರಿಸಬೇಕೆಂಬ ನಿಯಮ ನಮ್ಮಲ್ಲಿದೆ. ಈ ವಿವರಗಳನ್ನು ಆನ್‌ಲೈನ್ ಪುಟದಲ್ಲೂ ತೋರಿಸಬೇಕು ಎಂದು 2018ರ ಜನವರಿಯಿಂದ ಜಾರಿಗೆ ಬಂದ ತಿದ್ದುಪಡಿ ಹೇಳುತ್ತದೆ, ಆದರೆ ತಯಾರಿಕೆಯ ತಿಂಗಳು, ವರ್ಷಕ್ಕೆ ಅದರಲ್ಲಿ ವಿನಾಯಿತಿ ಕೊಟ್ಟಿತು. ಹಾಗಾಗಿ ಡಬ್ಬಿ ಕೈಗೆ ಬಂದ ಕೂಡಲೇ ಮೊದಲು ಓದಬೇಕಾದದ್ದು ಆ ಚೀಟಿ. ಮೂರು ನಾಲ್ಕು ವರ್ಷ ಹಳೆಯದಾಗಿದ್ದರೆ ಬೂಟು ಎಷ್ಟೇ ಚೆನ್ನಾಗಿ ಕಂಡರೂ ಹಿಂದಿರುಗಿಸಿ.

ಕೊಂಡವರು ಬರೆದ ಅಭಿಪ್ರಾಯಗಳಲ್ಲಿ ಡಬ್ಬಿ ತೆರೆದ ದಿನ ಬರೆದವನ್ನು ಬಿಟ್ಟುಬಿಡಿ. ಆರು ತಿಂಗಳು ಹಾಕಿ ಬರೆದವರ ಮಾತು, ಸವೆದ ಅಟ್ಟೆಯ ಫೋಟೊ ಬೆಲೆಯುಳ್ಳವು. ‘ನನ್ನ ಪಾದ ಅಗಲ’ ಎಂದು ತಿಳಿಸಿ ಬರೆದ ಒಬ್ಬರ ಅನುಭವ ನೂರು ನಕ್ಷತ್ರಗಳಿಗಿಂತ ಉಪಯುಕ್ತ. ಮಾರುವವರು ಕಂಪನಿಯವರೇ ಅಥವಾ ಬೇರೆ ವ್ಯಾಪಾರಿಯೇ ಎಂಬುದನ್ನೂ, ಹಿಂದಿರುಗಿಸಲು ಎಷ್ಟು ದಿನದ ಅವಕಾಶವಿದೆ, ಹಣ ವಾಪಸೋ ಬರೀ ಬದಲಿ ಜೋಡಿಯೋ ಎಂಬುದನ್ನೂ ಹಣ ಕಟ್ಟುವ ಮೊದಲೇ ಓದಿ. 2020ರ ಇ–ಕಾಮರ್ಸ್ ನಿಯಮಗಳ ಪ್ರಕಾರ ದೋಷವಿರುವ, ನಕಲಿಯಾದ, ಜಾಹೀರಾತಿನಲ್ಲಿ ಹೇಳಿದಂತಿಲ್ಲದ ಸರಕನ್ನು ವಾಪಸ್ ಪಡೆಯಲು ಮಾರಾಟಗಾರ ನಿರಾಕರಿಸುವಂತಿಲ್ಲ. ನಿರಾಕರಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆಮಾಡಿ, ಕನ್ನಡದಲ್ಲೇ ದೂರು ಹೇಳಬಹುದು. ಆದರೆ ಬೂಟು ಸರಿಯಿದ್ದು ಕಾಲಿಗೆ ಹೊಂದದಿದ್ದರೆ ಆ ನಿಯಮ ನೆರವಿಗೆ ಬರುವುದಿಲ್ಲ. ಆಗ ಮಾರಾಟಗಾರರ ಷರತ್ತೇ ಗತಿ. ನೂರಿನ್ನೂರು ರೂಪಾಯಿ ಹೆಚ್ಚಾದರೂ ಹೆಚ್ಚು ದಿನ ಕೊಡುವವರಿಂದ ಕೊಳ್ಳುವುದು ಈ ಕಾರಣಕ್ಕೆ ಲಾಭ.

ಆ ದಿನಗಳೇ ನಿಮ್ಮ ಪರೀಕ್ಷೆಯ ಅವಧಿ. ಚೀಟಿ ಕೀಳಬೇಡಿ, ಮನೆಯ ಹೊರಗೆ ಹಾಕಬೇಡಿ. ಮೊದಲು ಒಳಗಿನ ಮೆತ್ತೆಯನ್ನು ಹೊರತೆಗೆದು ಅದರ ಮೇಲೆ ನಿಲ್ಲಿ. ಬೆರಳ ಮುಂದೆ ಹೆಬ್ಬೆರಳಿನಗಲ ಜಾಗ ಉಳಿಯಬೇಕು, ಪಾದ ಬದಿಗಳಲ್ಲಿ ಮೆತ್ತೆಯಿಂದ ಹೊರಚಾಚಬಾರದು. ಫೋನಿನಲ್ಲಿ ಎಷ್ಟು ಹುಡುಕಿದರೂ ಸಿಗದ ಉತ್ತರ ಇಲ್ಲಿ ಅರ್ಧ ನಿಮಿಷದಲ್ಲಿ ಸಿಗುತ್ತದೆ. ಆಮೇಲೆ ಲೇಸ್ ಬಿಗಿಯದೆ ಪಾದವನ್ನು ಪೂರ್ತಿ ಮುಂದೆ ತಳ್ಳಿ. ಹಿಮ್ಮಡಿಯ ಹಿಂದೆ ಒಂದು ಬೆರಳು ಇಳಿಯಬೇಕು, ಎರಡು ಇಳಿದರೆ ದೊಡ್ಡದು. ಬಿಗಿದುಕೊಂಡು, ಬೆನ್ನಿಗೆ ನೀರಿನ ಬಾಟಲಿ ತುಂಬಿದ ಚೀಲ ಹಾಕಿಕೊಂಡು, ಸಂಜೆ ಒಂದು ಗಂಟೆ ಮನೆಯೊಳಗೆ ಓಡಾಡಿ. ಮಹಡಿಯ ಒಳಮೆಟ್ಟಿಲಿದ್ದರೆ ಗುಡಿಸಿ, ಹತ್ತುವುದಕ್ಕಿಂತ ಇಳಿಯುವುದನ್ನೇ ಹೆಚ್ಚು ಮಾಡಿ. ಇಲ್ಲದಿದ್ದರೆ ದಪ್ಪ ಹಲಗೆಯೊಂದನ್ನು ಓರೆಯಾಗಿ ಇಟ್ಟು ಅದರ ಮೇಲೆ ಕೆಳಮುಖವಾಗಿ ನಿಂತು ಕುಪ್ಪಳಿಸಿ. ಬೆರಳು ಮೂತಿಗೆ ತಾಗಿತೋ, ಆ ಬೂಟು ವಾಪಸ್. ‘ಹಾಕುತ್ತಾ ಹಾಕುತ್ತಾ ಸಡಿಲವಾಗುತ್ತದೆ’ ಎಂಬ ಮಾತು ಚರ್ಮದ ಅಗಲದ ವಿಷಯದಲ್ಲಿ ತುಸು ನಿಜ, ಉದ್ದದ ವಿಷಯದಲ್ಲಿ ನಿಜವಲ್ಲ. ಸಿಂಥೆಟಿಕ್ ಬೂಟಿನಲ್ಲಿ ಅಗಲವೂ ಹೆಚ್ಚು ಬದಲಾಗುವುದಿಲ್ಲ.

ಉಳಿಸಿಕೊಂಡ ಮೇಲೆ ರಸ್ತೆಬದಿಯ ಚಮ್ಮಾರರ ಹತ್ತಿರ ಅಟ್ಟೆಯ ಸುತ್ತ ಹೊಲಿಗೆ ಹಾಕಿಸುವ ನಮ್ಮ ರೂಢಿ ಬಲು ಒಳ್ಳೆಯದು. ಅಂಟು ಬಿಟ್ಟರೂ ಅಟ್ಟೆ ನಿಲ್ಲುತ್ತದೆ, ಖರ್ಚೂ ಅಲ್ಪ. ನೀರು ತಡೆಯುವ ಪೊರೆಯಿರುವ ಬೂಟಿಗೆ ಮಾತ್ರ ಬೇಡ, ಸೂಜಿಯ ತೂತುಗಳಿಂದ ಪೊರೆ ಹಾಳಾಗುತ್ತದೆ. ಒದ್ದೆಯಾದ ಬೂಟನ್ನು ಒಲೆಯ ಪಕ್ಕ ಇಟ್ಟರೆ ಅಂಟು ಬಿಡುತ್ತದೆ. ಒಳಗೆ ಪತ್ರಿಕೆಯ ಹಾಳೆ ತುರುಕಿ ನೆರಳಲ್ಲಿ, ಗಾಳಿಗೆ ಇಡಿ.

ಚಾರಣದ ದಿನ ನಿಗದಿಯಾಗಿದ್ದರೆ ಕನಿಷ್ಠ ಒಂದು ತಿಂಗಳು ಮೊದಲು ಬೂಟು ತರಿಸಿ. ಮನೆಯಲ್ಲಿ ಪರೀಕ್ಷಿಸಲು, ಹೊಂದದಿದ್ದರೆ ಬದಲಿ ಜೋಡಿ ಬರಲು, ಊರೊಳಗಿನ ನಡಿಗೆಯಲ್ಲಿ ಕಾಲಿಗೆ ಒಗ್ಗಿಸಿಕೊಳ್ಳಲು ಅಷ್ಟು ಸಮಯ ಬೇಕೇ ಬೇಕು. ಅಷ್ಟು ಸಮಯವಿಲ್ಲದಿದ್ದರೆ ಈ ಸಲ ಹೊಸದನ್ನು ಕೊಳ್ಳಬೇಡಿ; ಕಾಲಿಗೆ ಒಗ್ಗಿದ, ಕಚ್ಚು ಸವೆಯದ ಹಳೆಯ ಜೋಡಿಯಲ್ಲೇ ಹೋಗಿಬನ್ನಿ.